ಹಾಲುಣಿಸುವ ತಾಯಿ ಕುಡಿದರೆ: ಕೇಳಿದವಳಿಗೆ ಸರಿಯಾದ ಉತ್ತರ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಎದೆಹಾಲು ಕುಡಿಸುವ ತಾಯಂದಿರು ಮದ್ಯ ಸೇವಿಸುವ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಎರಡು ಪತ್ರಗಳನ್ನು ಓದಿದೆ. ಎದೆಗೆ ಮಗು ಇರುವಾಗ ಗ್ಲಾಸು ಮುಟ್ಟಿದವಳನ್ನು ತಾಯಿ ಎನ್ನಬೇಕೇ ಎಂದು ಒಬ್ಬರು ಕೇಳಿದ್ದಾರೆ. ಬಿಯರ್ ಕುಡಿದರೆ ಹಾಲು ಜಾಸ್ತಿಯಾಗುತ್ತದೆ, ಸುಮ್ನೆ ಯಾಕೆ ಹೆದರಿಸುತ್ತೀರಿ ಎಂದು ಇನ್ನೊಬ್ಬರು ಉತ್ತರ ಕೊಟ್ಟಿದ್ದಾರೆ. ನಾನು ಬಾಣಂತಿ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಈ ಪ್ರಶ್ನೆ ಹೊತ್ತು ಬಂದ ಹೆಣ್ಣುಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಆ ಎರಡು ಪತ್ರ ಓದಿದರೆ ಅವರಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಆದರೂ ಕತ್ತರಿಸದೆ ಹಾಕಿದರೆ ಉಪಕಾರವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಹಾಲುಣಿಸುವಷ್ಟು ಕಾಲ ಕುಡಿಯದೇ ಇರುವುದು ಎಲ್ಲಕ್ಕಿಂತ ಸುರಕ್ಷಿತ. ಇದರಲ್ಲಿ ಎರಡು ಮಾತಿಲ್ಲ. ಯಾರು ಕೇಳಿದರೂ ನಾನು ಮೊದಲು ಹೇಳಿದ್ದು ಇದನ್ನೇ. ಆದರೆ ಅಷ್ಟು ಹೇಳಿ ಸುಮ್ಮನಾದರೆ ನನ್ನ ಕೆಲಸ ಅರ್ಧ ಮಾತ್ರ ಆಗುತ್ತಿತ್ತು. ಕೇಳುವವಳು ಬಹಳ ಸಲ ಆಗಲೇ ಕುಡಿದಿರುತ್ತಾಳೆ. ಮಗು ಅಳುತ್ತಿರುತ್ತದೆ. ಎದೆ ತುಂಬಿ ನೋಯುತ್ತಿರುತ್ತದೆ. ಮುಂದಿನ ಎರಡು ಮೂರು ಗಂಟೆ ಏನು ಮಾಡಬೇಕು ಅನ್ನುವುದು ಅವಳಿಗೆ ತಕ್ಷಣ ಬೇಕು.

ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಮನೆಗೆ ಹೊರಡುವ ದಿನ, ಜೊತೆಗಿದ್ದವರು ಬಿಲ್ ಕಟ್ಟಲು ಕೆಳಗೆ ಹೋದಾಗ, "ಸಿಸ್ಟರ್, ಬೈಬೇಡಿ, ಒಂದು ಕೇಳಲಾ?" ಎಂದು ಶುರುವಾಗುತ್ತದೆ. ಇಲ್ಲವೇ ಕೆಲವು ತಿಂಗಳಾದ ಮೇಲೆ ಫೋನ್ ಬರುತ್ತದೆ. "ನನ್ನ ಗೆಳತಿಗೆ ಒಂದು ಡೌಟು" ಎನ್ನುತ್ತಾರೆ. ಗೆಳತಿ ಯಾರು ಎಂದು ನಾನು ಯಾವತ್ತೂ ಕೇಳಿಲ್ಲ. ಇವರಲ್ಲಿ ಹೆಚ್ಚಿನವರು ಬಸುರಿಯಾಗಿದ್ದಾಗ ಒಂದು ಹನಿಯನ್ನೂ ಮುಟ್ಟದವರು. ಯಾರದ್ದೋ ಮದುವೆ, ಯಾರದ್ದೋ ಹುಟ್ಟುಹಬ್ಬ, ಒಂದು ಗ್ಲಾಸ್ ವೈನ್. ಆಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಅಂಥ ಒಬ್ಬ ಹುಡುಗಿ ಈಗಲೂ ಕಣ್ಣ ಮುಂದೆ ಇದ್ದಾಳೆ. ಒಂದು ಸಮಾರಂಭದಲ್ಲಿ ಒಂದೇ ಗ್ಲಾಸ್ ಕುಡಿದಿದ್ದಳು. ಒಂದು ದಿನ ಪೂರ್ತಿ ನಿನ್ನ ಹಾಲು ವಿಷ ಎಂದು ಪಕ್ಕದಲ್ಲಿದ್ದವರು ಯಾರೋ ಹೇಳಿದರು. ಅವಳು ನಂಬಿದಳು. ಹಾಲು ಹಿಂಡಿ ಸಿಂಕಿಗೆ ಸುರಿದಳು. ಮಗುವಿಗೆ ಬಾಟಲಿ ಹಿಡಿದರೆ ಅದು ಬಾಯೇ ತೆರೆಯಲಿಲ್ಲ. ಹಿಂಡಲು ಸರಿಯಾಗಿ ಬಾರದೆ ಎದೆ ಕಲ್ಲಿನಂತೆ ಗಟ್ಟಿಯಾಯಿತು, ಜ್ವರ ಬಂತು. ನಮ್ಮ ವಾರ್ಡಿಗೆ ಬಂದಾಗ ಎದೆ ಕೆಂಪಾಗಿ ಮುಟ್ಟಲು ಬಿಡುತ್ತಿರಲಿಲ್ಲ. ಡಾಕ್ಟರು ಔಷಧಿ ಕೊಟ್ಟರು, ಜ್ವರ ಇಳಿಯಿತು. ಮಗುವನ್ನು ಮತ್ತೆ ಎದೆಗೆ ಹಿಡಿಸಲು ನಾವೆಲ್ಲ ಒದ್ದಾಡಿದೆವು. ಒಂದು ಗ್ಲಾಸ್ ವೈನ್ ಆ ಮಗುವಿಗೆ ಮಾಡಬಹುದಾಗಿದ್ದ ತೊಂದರೆಗಿಂತ ಆ ತಪ್ಪು ಮಾತು ಮಾಡಿದ ತೊಂದರೆ ದೊಡ್ಡದು. ಅವಳಿಗೆ ಬೇಕಿದ್ದದ್ದು ಎರಡು ಮೂರು ಗಂಟೆಯ ತಾಳ್ಮೆ ಅಷ್ಟೇ.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಕುಡಿದ ಮದ್ಯ ಹೊಟ್ಟೆ ಮತ್ತು ಕರುಳಿನಿಂದ ರಕ್ತಕ್ಕೆ ಹೋಗುತ್ತದೆ, ರಕ್ತದಿಂದ ಎದೆಹಾಲಿಗೆ. ತಡೆಯುವ ಗೋಡೆ ನಡುವೆ ಯಾವುದೂ ಇಲ್ಲ. ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ತೀರಾ ಮೇಲಕ್ಕೆ ಏರುತ್ತದೆ. ಊಟದ ಜೊತೆ ಕುಡಿದರೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಆಮೇಲೆ ಲಿವರ್ ಅದನ್ನು ಕರಗಿಸುತ್ತಾ ಬರುತ್ತದೆ. ರಕ್ತದಲ್ಲಿ ಇಳಿದ ಹಾಗೆ ಹಾಲಿನಲ್ಲೂ ಇಳಿಯುತ್ತದೆ. ಎದೆ ಮುಚ್ಚಿಟ್ಟ ಪಾತ್ರೆಯಲ್ಲ. ಹಾಲಿಗೆ ಹೋದ ಆಲ್ಕೋಹಾಲ್ ಅಲ್ಲೇ ಕೂತಿರುವುದಿಲ್ಲ, ಬಂದ ದಾರಿಯಲ್ಲೇ ರಕ್ತಕ್ಕೆ ವಾಪಸ್ ಹೋಗುತ್ತದೆ.

ಹೀಗಾಗಿ ಹಾಲು ಹಿಂಡಿ ಚೆಲ್ಲಿದರೆ ಬೇಗ ಶುದ್ಧವಾಗುತ್ತದೆ ಅನ್ನುವುದು ಸುಳ್ಳು. ರಕ್ತದಲ್ಲಿ ಆಲ್ಕೋಹಾಲ್ ಇರುವಷ್ಟು ಹೊತ್ತು ಹೊಸದಾಗಿ ಬರುವ ಹಾಲಿನಲ್ಲೂ ಅದು ಇದ್ದೇ ಇರುತ್ತದೆ. ರಕ್ತದಲ್ಲಿ ಹೋದ ಮೇಲೆ ಹಾಲಿನಲ್ಲೂ ಹೋಗಿರುತ್ತದೆ, ಚೆಲ್ಲಿರಲಿ ಬಿಟ್ಟಿರಲಿ. ಕಾಯುವ ಹೊತ್ತಿನಲ್ಲಿ ಎದೆ ಕಟ್ಟಿಕೊಂಡು ನೋವಾದರೆ ಹಗುರವಾಗುವಷ್ಟು ಹಿಂಡಿ ತೆಗೆಯಿರಿ, ಆ ಹಾಲನ್ನು ಮಾತ್ರ ಕೊಡಬೇಡಿ. ಕಾಫಿ ಕುಡಿಯುವುದು, ತಣ್ಣೀರು ಸ್ನಾನ ಮಾಡುವುದು, ಲೀಟರ್‌ಗಟ್ಟಲೆ ನೀರು ಕುಡಿಯುವುದು, ಇದರಿಂದೆಲ್ಲ ಲಿವರ್ ವೇಗವಾಗಿ ಕೆಲಸ ಮಾಡುವುದಿಲ್ಲ. ಸಮಯ ಕಳೆಯಬೇಕು, ಬೇರೆ ದಾರಿಯಿಲ್ಲ.

ಎಷ್ಟು ಸಮಯ? ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುವ ಲೆಕ್ಕ ಹೀಗಿದೆ. ಒಂದು ಡ್ರಿಂಕ್ ಕುಡಿದರೆ ಎರಡರಿಂದ ಮೂರು ಗಂಟೆ ಹಾಲಿನಲ್ಲಿ ಆಲ್ಕೋಹಾಲ್ ಕಾಣಿಸುತ್ತದೆ. ಎರಡು ಕುಡಿದರೆ ನಾಲ್ಕರಿಂದ ಐದು ಗಂಟೆ. ಮೂರಾದರೆ ಆರರಿಂದ ಎಂಟು ಗಂಟೆ. ಸಣ್ಣ ಮೈಕಟ್ಟಿನವರಿಗೆ, ಬೇಗ ಬೇಗ ಕುಡಿದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ದಿನಕ್ಕೆ ಒಂದು ಡ್ರಿಂಕ್‌ವರೆಗೆ, ಅದೂ ಕುಡಿದ ಮೇಲೆ ಕಡಿಮೆಯೆಂದರೆ ಎರಡು ಗಂಟೆ ಬಿಟ್ಟು ಹಾಲೂಡಿಸಿದರೆ, ಮಗುವಿಗೆ ಹಾನಿಯಾದದ್ದು ಕಂಡುಬಂದಿಲ್ಲ ಎಂದು ಅದೇ ಸಂಸ್ಥೆ ಹೇಳುತ್ತದೆ. ಇದನ್ನು ಓದಿ, ಹಾಗಾದರೆ ದಿನಾ ಒಂದು ಕುಡಿಯಬಹುದಲ್ವಾ ಎಂದು ಯಾರೂ ಅಂದುಕೊಳ್ಳಬೇಡಿ. ಕುಡಿಯದಿರುವುದೇ ಒಳ್ಳೆಯದು ಎಂದು ಅವರೂ ಮೊದಲೇ ಹೇಳಿದ್ದಾರೆ.

ಇಲ್ಲಿ ಒಂದು ತೊಡಕಿದೆ. ಆ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. ಅಂದರೆ ಶೇ 5ರ ಬಿಯರ್ ಆದರೆ ಸುಮಾರು 355 ಮಿ.ಲೀ. ಶೇ 12ರ ವೈನ್ ಆದರೆ 150 ಮಿ.ಲೀ. ಶೇ 40ರ ವಿಸ್ಕಿ, ಬ್ರಾಂದಿ, ರಮ್ ಆದರೆ 45 ಮಿ.ಲೀ. ಮನೆಯಲ್ಲಿ ಕಣ್ಣಳತೆಗೆ ಬಗ್ಗಿಸಿದ ಗ್ಲಾಸು ಈ ಲೆಕ್ಕಕ್ಕೆ ಸಿಗುವುದಿಲ್ಲ. "ಒಂದೇ ಬಾಟಲಿ ಬಿಯರ್ ಸಿಸ್ಟರ್" ಎಂದು ಹೇಳಿದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಎಷ್ಟು ದೊಡ್ಡ ಬಾಟಲಿ, ಸ್ಟ್ರಾಂಗಾ ಎಂದು. 650 ಮಿ.ಲೀ. ಬಾಟಲಿ, ಶೇ 8ರ ಸ್ಟ್ರಾಂಗ್ ಬಿಯರ್ ಆದರೆ ಅದರಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. ಹತ್ತಿರ ಹತ್ತಿರ ಮೂರು ಡ್ರಿಂಕ್. ಅವಳು ಕಾಯಬೇಕಾದ್ದು ಎರಡು ಗಂಟೆಯಲ್ಲ, ಆರರಿಂದ ಎಂಟು ಗಂಟೆ. 60 ಮಿ.ಲೀ.ನ ದೊಡ್ಡ ಪೆಗ್‌ನಲ್ಲಿ 19 ಗ್ರಾಂ ಇರುತ್ತದೆ, ಅದೂ ಒಂದು ಡ್ರಿಂಕ್‌ಗಿಂತ ಜಾಸ್ತಿಯೇ. ಬಾಟಲಿಯ ಮೇಲೆ ಶೇಕಡಾವಾರು ಬರೆದಿರುತ್ತದೆ. ಓದಿ ನೋಡಿ.

ಮಗುವಿಗೆ ಹೋಗುವುದು ಎಷ್ಟು ಎಂದೂ ಹೇಳಬೇಕು. ಒಂದು ಡ್ರಿಂಕ್ ಕುಡಿದ ತಾಯಿಯ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ಇದೆ ಎಂದಿಟ್ಟುಕೊಳ್ಳಿ. 100 ಮಿ.ಲೀ. ಹಾಲಿನಲ್ಲೂ ಅಷ್ಟೇ ಇರುತ್ತದೆ. 100 ಮಿ.ಲೀ. ಸಾಧಾರಣ ಬಿಯರಿನಲ್ಲಿ ಇರುವುದು ಸುಮಾರು 4 ಗ್ರಾಂ, ಅಂದರೆ ಹಾಲಿನಲ್ಲಿರುವುದರ ನೂರು ಪಟ್ಟಿಗಿಂತ ಹೆಚ್ಚು. ಮೈತೂಕಕ್ಕೆ ಹೊಂದಿಸಿ ನೋಡಿದರೆ, ತಾಯಿ ಕುಡಿದದ್ದರಲ್ಲಿ ಮಗುವಿಗೆ ತಲುಪುವುದು ಶೇ 5ರಿಂದ 6. ಬಸುರಿಯಾಗಿದ್ದಾಗ ಕುಡಿಯುವುದಕ್ಕೂ ಈಗ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಇದೇ. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಇರುವಷ್ಟೇ ಆಲ್ಕೋಹಾಲ್ ಭ್ರೂಣದ ರಕ್ತಕ್ಕೂ ಹೋಗುತ್ತದೆ. ಮೆದುಳು, ಮುಖ, ಹೃದಯ ರೂಪುಗೊಳ್ಳುವ ಕಾಲ ಅದು. ಆಗ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ.

ಹಾಗಂತ ಹಾಲಿನ ಮೂಲಕ ಹೋಗುವುದು ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ನವಜಾತ ಶಿಶುವಿನ ಲಿವರ್ ಇನ್ನೂ ಎಳೆಯದು. ಆಲ್ಕೋಹಾಲ್ ಕರಗಿಸುವ ಶಕ್ತಿ ದೊಡ್ಡವರದ್ದರ ಅರ್ಧಕ್ಕಿಂತ ಕಡಿಮೆ. ಮೊದಲ ತಿಂಗಳುಗಳಲ್ಲಿ ಮಗು ಎರಡೆರಡು ಗಂಟೆಗೆ ಹಾಲು ಕೇಳುತ್ತದೆ, ಕಾಯುತ್ತೇನೆ ಎಂದರೂ ಕಾಯಲು ಬಿಡುವುದಿಲ್ಲ. ಅದಕ್ಕೇ ಮೂರು ತಿಂಗಳೊಳಗಿನ ಮಕ್ಕಳ ತಾಯಂದಿರಿಗೆ ನಾನು, ಸದ್ಯಕ್ಕೆ ಬೇಡವೇ ಬೇಡ ಕಣಮ್ಮ, ಮಗು ಸ್ವಲ್ಪ ದೊಡ್ಡದಾಗಲಿ ಎಂದು ಹೇಳುತ್ತಿದ್ದೆ.

ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂಪ್ 1991ರಲ್ಲಿ, ತಾಯಿ ಕುಡಿದರೆ ಹಾಲಿಗೂ ಮಗುವಿಗೂ ಏನಾಗುತ್ತದೆ ಎಂದು ಅಳೆದು ನೋಡಿದರು. ತಾಯಂದಿರಿಗೆ ಕಿತ್ತಳೆ ರಸದಲ್ಲಿ ಸ್ವಲ್ಪ ಆಲ್ಕೋಹಾಲ್ ಬೆರೆಸಿ ಕೊಟ್ಟರು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಾಲಿನ ವಾಸನೆಯೇ ಬದಲಾಯಿತು. ಮಕ್ಕಳು ಶುರುವಿನಲ್ಲಿ ಜೋರಾಗಿ ಚೀಪಿದರೂ ಒಟ್ಟಾರೆ ಕುಡಿದ ಹಾಲು ಕಡಿಮೆ. 1998ರಲ್ಲಿ ಮೆನೆಲ್ಲಾ ನಿದ್ದೆಯನ್ನೂ ನೋಡಿದರು. ಸ್ವಲ್ಪ ಆಲ್ಕೋಹಾಲ್ ಬೆರೆತ ತಾಯಿ ಹಾಲು ಕುಡಿದ ಮಕ್ಕಳು ಮುಂದಿನ ಮೂರೂವರೆ ಗಂಟೆಯಲ್ಲಿ ಸರಾಸರಿ 57 ನಿಮಿಷ ಮಲಗಿದರು. ಆಲ್ಕೋಹಾಲ್ ಇಲ್ಲದ ಹಾಲು ಕುಡಿದ ದಿನ 78 ನಿಮಿಷ. ತಾಯಿ ಸ್ವಲ್ಪ ಕುಡಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. ಅಳೆದು ನೋಡಿದಾಗ ಕಂಡದ್ದು ಉಲ್ಟಾ.

ಈಗ ಬಿಯರಿನ ಮಾತು. ನಿಮ್ಮ ಎರಡನೇ ಪತ್ರಲೇಖಕರು ಹೇಳಿದ್ದು ಹೊಸದೇನಲ್ಲ. ಅಮೆರಿಕದಲ್ಲಿ ಆನ್‌ಹೈಸರ್-ಬುಷ್ ಎಂಬ ಬಿಯರ್ ಕಂಪನಿ 1895ರಲ್ಲಿ ಮಾಲ್ಟ್-ನ್ಯೂಟ್ರಿನ್ ಎಂಬ ಪೇಯವನ್ನು ತಂದು, ಹಾಲೂಡಿಸುವ ತಾಯಂದಿರಿಗೆ ಪುಷ್ಟಿಕರ ಟಾನಿಕ್ ಎಂದೇ ಮಾರಿತು. ನಂಬಿಕೆಗೆ ಅಷ್ಟು ವಯಸ್ಸಾಗಿದೆ. ಅದರ ಹಿಂದೆ ಒಂದು ಎಳೆ ನಿಜವೂ ಇದೆ. ಬಾರ್ಲಿಯಲ್ಲಿರುವ ಒಂದು ಅಂಶ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹೆಚ್ಚಿಸಬಹುದು. ಆದರೆ ಆ ಅಂಶ ಇರುವುದು ಬಾರ್ಲಿಯಲ್ಲಿ, ಆಲ್ಕೋಹಾಲ್‌ನಲ್ಲಿ ಅಲ್ಲ. ಆಲ್ಕೋಹಾಲ್ ಮಾಡುವ ಕೆಲಸವೇ ಬೇರೆ. ಹಾಲು ಎದೆಯಲ್ಲಿ ತಯಾರಾದರೆ ಸಾಲದು, ಇಳಿಯಬೇಕು. ಇಳಿಸುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನ್. ಮಗು ಚೀಪಿದ ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಜುಮ್ ಎಂದು ಹಾಲು ಸುರಿಯಲು ಶುರುವಾಗುವುದು ಇದರಿಂದಲೇ. ಆಲ್ಕೋಹಾಲ್ ಅದನ್ನು ತಗ್ಗಿಸುತ್ತದೆ. 2005ರಲ್ಲಿ ಮೆನೆಲ್ಲಾ ಮತ್ತು ಜೊತೆಗಾರರು ತಾಯಂದಿರ ರಕ್ತ ಪರೀಕ್ಷಿಸಿದಾಗ, ಕುಡಿದ ಮೇಲೆ ಪ್ರೊಲ್ಯಾಕ್ಟಿನ್ ಏರಿತ್ತು, ಆಕ್ಸಿಟೋಸಿನ್ ಇಳಿದಿತ್ತು. ಎದೆ ತುಂಬಿದ ಹಾಗೆ ಅನಿಸುತ್ತದೆ, ಹಾಲು ಮಾತ್ರ ಸರಿಯಾಗಿ ಬರುವುದಿಲ್ಲ. ಬಿಯರ್ ಕುಡಿದು ಹಾಲು ಜಾಸ್ತಿಯಾಯಿತು ಎನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಅವಳಿಗೆ ಹಾಗೆ ಅನಿಸಿದ್ದು ನಿಜ. ಮಗುವಿನ ಹೊಟ್ಟೆಗೆ ಹೋಗಿದ್ದು ಕಡಿಮೆ, ಅಷ್ಟೇ.

ಹಾಲು ಕಡಿಮೆ ಎಂದು ಬಂದವರಿಗೆ ನಾನು ಮಾಡುತ್ತಿದ್ದದ್ದು ಬೇರೆ ಏನೂ ಅಲ್ಲ. ಮಗು ಎದೆಯನ್ನು ಸರಿಯಾಗಿ ಬಾಯಿ ತುಂಬ ಹಿಡಿದಿದೆಯೇ ನೋಡುವುದು. ತೊಟ್ಟಿನ ತುದಿಯಷ್ಟನ್ನೇ ಹಿಡಿದಿದ್ದರೆ ಬಿಡಿಸಿ ಮತ್ತೆ ಹಿಡಿಸುವುದು. ಅಳುವವರೆಗೆ ಕಾಯದೆ, ಬಾಯಿ ಆಡಿಸಲು ಶುರುಮಾಡಿದ ಕೂಡಲೇ ಕೊಡಿ ಎನ್ನುವುದು. ರಾತ್ರಿಯ ಹಾಲು ತಪ್ಪಿಸಬೇಡಿ ಎನ್ನುವುದು. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಹುಟ್ಟುತ್ತದೆ.

ಹೆಚ್ಚು ಕುಡಿದರೆ, ಪದೇಪದೇ ಕುಡಿದರೆ ಮಗುವಿನ ಬೆಳವಣಿಗೆಗೆ ಏನಾಗುತ್ತದೆ? 1989ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹಾಲಿನ ಮೂಲಕ ನಿಯಮಿತವಾಗಿ ಆಲ್ಕೋಹಾಲ್ ಹೋದ ಮಕ್ಕಳು ಒಂದು ವರ್ಷದ ವಯಸ್ಸಿನಲ್ಲಿ ಕೈಕಾಲು ಚಲನೆಯ ಪರೀಕ್ಷೆಯಲ್ಲಿ ಸ್ವಲ್ಪ ಹಿಂದಿದ್ದರು. 2002ರಲ್ಲಿ ಅದೇ ಸಂಶೋಧಕರು ಬೇರೆ ಮಕ್ಕಳನ್ನು ಒಂದೂವರೆ ವರ್ಷದ ವಯಸ್ಸಿನಲ್ಲಿ ನೋಡಿದಾಗ ಆ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಮಕ್ಕಳ ಮೇಲಿನ ಅಧ್ಯಯನ ಬಂತು. ಎದೆಹಾಲು ಕುಡಿದ ಮಕ್ಕಳಲ್ಲಿ ತಾಯಿಯ ಕುಡಿತ ಹೆಚ್ಚಿದ್ದಷ್ಟೂ ಆರೇಳು ವರ್ಷದ ವಯಸ್ಸಿನಲ್ಲಿ ಯೋಚಿಸಿ ಬಿಡಿಸುವ ಪರೀಕ್ಷೆಯ ಅಂಕ ಕಡಿಮೆಯಿತ್ತು. ಎದೆಹಾಲನ್ನೇ ಕುಡಿಯದ ಮಕ್ಕಳಲ್ಲಿ ಆ ಸಂಬಂಧ ಕಾಣಲಿಲ್ಲ. ಇಂಥ ಅಧ್ಯಯನಗಳು ಪೂರ್ತಿ ತೀರ್ಪು ಕೊಡುವುದಿಲ್ಲ. ಆದರೆ ಪದೇಪದೇ ಕುಡಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ಇಷ್ಟು ಸಾಕು ಎಂದು ನನ್ನ ಅಭಿಪ್ರಾಯ. ತುಂಬಾ ಕುಡಿದ ತಾಯಿಯ ಹಾಲು ಕುಡಿದ ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿ ಮಲಗಿದರೆ, ಮೈ ಸಡಿಲವಾಗಿ ಜೋತುಬಿದ್ದರೆ, ಹಾಲು ಚೀಪದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೋಗಿ. ನಡೆದದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಇಷ್ಟು ಹೊತ್ತು ಹಾಲಿನ ಬಗ್ಗೆ ಬರೆದೆ. ನನ್ನನ್ನು ಇದಕ್ಕಿಂತ ಹೆಚ್ಚು ಹೆದರಿಸುವುದು ಹಾಸಿಗೆ. ಎರಡೂ ಪತ್ರಗಳಲ್ಲಿ ಇದರ ಮಾತೇ ಇಲ್ಲ.

ಕುಡಿದವರ ನಿದ್ದೆ ಬೇರೆ. ಮಗು ಪಕ್ಕದಲ್ಲಿ ಒದ್ದಾಡಿದರೂ ಎಚ್ಚರವಾಗುವುದಿಲ್ಲ. ಕೈ ಮೇಲೆ ಬಿದ್ದದ್ದು, ದಿಂಬು ಮುಖಕ್ಕೆ ಒತ್ತಿದ್ದು ಗೊತ್ತಾಗುವುದಿಲ್ಲ. ಸೋಫಾದ ಮೇಲೆ ಕೂತು ಹಾಲೂಡಿಸುತ್ತಾ ಹಾಗೇ ನಿದ್ದೆ ಹೋದರಂತೂ ಮಗು ಸೋಫಾದ ಸಂದಿಗೆ ಜಾರುತ್ತದೆ. ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ನಿದ್ದೆಯಲ್ಲೇ ದಿಢೀರ್ ತೀರಿಕೊಂಡ ಶಿಶುಗಳ ಬಗ್ಗೆ ನಡೆಸಿದ ಅಧ್ಯಯನ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆದದ್ದು ಮಗು ದೊಡ್ಡವರ ಜೊತೆ ಮಲಗಿದ್ದಾಗ. ಜೊತೆಗೆ ಮಲಗಿದ್ದು, ಆಗಷ್ಟೇ ಮದ್ಯ ಅಥವಾ ಮಾದಕ ವಸ್ತು ಸೇವಿಸಿದ್ದ ತಂದೆತಾಯಿಯರ ಪ್ರಮಾಣ ಅಲ್ಲಿ ಶೇ 31. ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಕುಟುಂಬಗಳಲ್ಲಿ ಅದು ಶೇ 3. ಸೋಫಾದ ಮೇಲೆ ಮಲಗಿದ್ದು ಶೇ 17, ಸಾಮಾನ್ಯ ಕುಟುಂಬಗಳಲ್ಲಿ ಶೇ 1. ಈ ಅಂಕಿಗಳನ್ನು ಓದಿದ ಮೇಲೆ ನಾನು ಹೊಸ ತಾಯಂದಿರಿಗೆ ಹೇಳುವ ಮಾತಿನ ಕ್ರಮವನ್ನೇ ಬದಲಾಯಿಸಿದೆ. ಮೊದಲು ಹಾಸಿಗೆಯ ಮಾತು, ಆಮೇಲೆ ಹಾಲಿನದ್ದು.

ಗಮನಿಸಿ, ಅಲ್ಲಿ ಹೇಳಿದ್ದು ತಂದೆತಾಯಿ ಎಂದು. ತಾಯಿ ಒಂದು ಹನಿ ಕುಡಿಯದಿದ್ದರೂ ಕುಡಿದು ಬಂದ ಅಪ್ಪ ಮಗುವಿನ ಪಕ್ಕ ಮಲಗಿದರೆ ಅಪಾಯ ಅಪಾಯವೇ. ಮೊದಲ ಪತ್ರ ಬರೆದವರು ತಾಯಿಯನ್ನು ಅಷ್ಟು ಬೈದಿದ್ದಾರೆ, ಅಪ್ಪನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಅದು ಬಹಳ ನೋವಾಯಿತು. ಗಂಡ ಕುಡಿದು ಬಂದ ರಾತ್ರಿ ಮಗುವನ್ನು ಎದೆಗವಚಿಕೊಂಡು ನಿದ್ದೆಗೆಟ್ಟು ಕೂತ ಹೆಣ್ಣುಮಕ್ಕಳ ಕಥೆಗಳನ್ನೂ ನಾನು ಅದೇ ವಾರ್ಡಿನಲ್ಲಿ ಕೇಳಿದ್ದೇನೆ.

ಆದ್ದರಿಂದ ಮನೆಯಲ್ಲಿ ಯಾರೇ ಕುಡಿದಿರಲಿ, ಆ ರಾತ್ರಿ ಮಗು ಅವರ ಹಾಸಿಗೆಯಲ್ಲಿ ಮಲಗಬಾರದು. ತೊಟ್ಟಿಲಿನಲ್ಲಿ ಅಥವಾ ಅದಕ್ಕೆಂದೇ ಇರುವ ಬೇರೆ ಹಾಸಿಗೆಯಲ್ಲಿ, ಗಟ್ಟಿಯಾದ ಸಮತಟ್ಟು ಜಾಗದಲ್ಲಿ, ಅಂಗಾತ ಮಲಗಿಸಬೇಕು. ದಿಂಬು, ದಪ್ಪ ಹೊದಿಕೆ ಹತ್ತಿರ ಇರಬಾರದು. ಕುಡಿಯದೇ ಇರುವ ದೊಡ್ಡವರು ಒಬ್ಬರಾದರೂ ಮಗುವಿನ ಜವಾಬ್ದಾರಿ ಹೊರಬೇಕು. ಅಂಥವರು ಯಾರೂ ಇಲ್ಲ ಎಂದಾದರೆ ಆ ದಿನ ಕುಡಿಯಲೇಬಾರದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಸಮಾರಂಭಕ್ಕೆ ಹೋಗುತ್ತೇನೆ, ಒಂದು ಗ್ಲಾಸ್ ಕುಡಿಯುತ್ತೇನೆ ಎಂದು ಮೊದಲೇ ಗೊತ್ತಿದ್ದವರಿಗೆ ದಾರಿ ಸುಲಭ. ಹೊರಡುವ ಮುಂಚೆ ಮಗುವಿಗೆ ಹೊಟ್ಟೆ ತುಂಬ ಹಾಲು ಕೊಡಿ. ಅದಕ್ಕೂ ಮುಂಚೆ ಒಂದು ಹೊತ್ತಿಗಾಗುವಷ್ಟು ಹಿಂಡಿ ಶುದ್ಧ ಪಾತ್ರೆಯಲ್ಲಿ ಇಟ್ಟಿರಿ. ಹಿಂಡಿದ ಹಾಲು 25 ಡಿಗ್ರಿ ಅಥವಾ ಅದಕ್ಕಿಂತ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ನೀವು ಕಾಯುವ ಹೊತ್ತಿನಲ್ಲಿ ಮಗು ಅತ್ತರೆ ಅದನ್ನು ಕೊಡಬಹುದು. ಏನಾದರೂ ತಿಂದೇ ಕುಡಿಯಿರಿ, ನಿಧಾನವಾಗಿ ಕುಡಿಯಿರಿ. ಮುಗಿಸಿದ ಹೊತ್ತನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ತಲೆ ಹಗುರವಾದ ಹಾಗೆ ಇನ್ನೂ ಅನಿಸುತ್ತಿದ್ದರೆ ಗಂಟೆ ಎಷ್ಟಾಗಿದ್ದರೂ ಹಾಲು ಕೊಡಬೇಡಿ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿಯಬೇಡಿ.

ಇನ್ನು ದಿನವೂ ಕುಡಿಯುವವರ ವಿಷಯ. ಇದು ಒಂದು ಗ್ಲಾಸ್ ವೈನಿನ ಮಾತಲ್ಲ, ಗಂಟೆಯ ಲೆಕ್ಕಕ್ಕೂ ಸಿಗುವುದಿಲ್ಲ. ಹೆರಿಗೆಯ ನಂತರ ನಿದ್ದೆಯಿಲ್ಲದೆ, ಯಾವಾಗಲೂ ಅಳು ಬರುತ್ತಾ, ಮಗುವನ್ನು ಕಂಡರೂ ಖುಷಿಯಾಗದೆ, ರಾತ್ರಿ ಮಲಗಲೆಂದು ಕುಡಿಯಲು ಶುರುಮಾಡಿದವರನ್ನು ನಾನು ನೋಡಿದ್ದೇನೆ. ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಕುಡಿತ ಆ ನಿದ್ದೆಯನ್ನೂ ಆ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ. ಹಾಗೆಯೇ, ಬಹಳ ದಿನದಿಂದ ಪ್ರತಿದಿನ ಜಾಸ್ತಿ ಕುಡಿಯುತ್ತಿದ್ದವರು ಬೈಗುಳಕ್ಕೆ ಹೆದರಿ ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರ ಕಣ್ಗಾವಲಿನಲ್ಲಿ ನಿಲ್ಲಿಸಬೇಕು. ಅಷ್ಟರವರೆಗೆ ಮಗುವಿಗೆ ಪುಡಿ ಹಾಲು ಕೊಡಬೇಕಾಗಬಹುದು. ಕೊಡಲಿ. ಮಗು ಬೆಳೆಯುತ್ತದೆ, ತಾಯಿ ಗುಣವಾಗುತ್ತಾಳೆ. ಇಂಥವಳನ್ನು ತಾಯಿಯೇ ಅಲ್ಲ ಎಂದು ಪತ್ರಿಕೆಯಲ್ಲಿ ಓದಿದರೆ ಅವಳು ಆಸ್ಪತ್ರೆಯ ಬಾಗಿಲಿಗೆ ಬರುತ್ತಾಳಾ? ಬರುವುದಿಲ್ಲ. ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ, ಪಕ್ಕದಲ್ಲಿ ಮಗು ಇರುತ್ತದೆ.

ಇನ್ನೊಂದು ಸಣ್ಣ ವಿಷಯ. ಕೆಲವು ಕೆಮ್ಮಿನ ಸಿರಪ್, ಟಾನಿಕ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಮಕ್ಕಳಿಗೇ ನೇರವಾಗಿ ಕುಡಿಸುವ ಗ್ರೈಪ್ ವಾಟರ್‌ನಲ್ಲೂ ಒಂದು ಕಾಲದಲ್ಲಿ ಇತ್ತು, ಬ್ರಿಟನ್ನಿನಲ್ಲಿ 1990ರ ದಶಕದ ಶುರುವಿನಲ್ಲಿ ಅದನ್ನು ತೆಗೆಸಿದರು. ತಾಯಿಗಾಗಲಿ ಮಗುವಿಗಾಗಲಿ ತರುವ ಬಾಟಲಿಯ ಲೇಬಲ್ ಒಮ್ಮೆ ಓದಿ.

ಸಂಪಾದಕರೇ, ನಿಮ್ಮಲ್ಲಿ ಎರಡು ಬೇಡಿಕೆ. ಒಂದು, ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳ ಡಾಕ್ಟರೊಬ್ಬರಿಂದ ಈ ವಿಷಯ ಬರೆಸಿ. ಒಂದು ಡ್ರಿಂಕ್ ಎಂದರೆ ಎಷ್ಟು, ಎಷ್ಟು ಗಂಟೆ ಕಾಯಬೇಕು, ಮಗುವನ್ನು ಎಲ್ಲಿ ಮಲಗಿಸಬೇಕು, ಇಷ್ಟು ಇದ್ದರೆ ಸಾಕು. ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳುವ ಹಾಗೆ ದೊಡ್ಡ ಅಕ್ಷರದಲ್ಲಿ ಹಾಕಿ. ಇನ್ನೊಂದು, ಹೆರಿಗೆ ಆಸ್ಪತ್ರೆಗಳಿಗೆ ನಿಮ್ಮ ಮೂಲಕ ಹೇಳಬೇಕಾದ್ದು. ಡಿಸ್‌ಚಾರ್ಜ್ ದಿನ ಲಸಿಕೆ, ಸ್ನಾನ, ಹೊಕ್ಕುಳು ಎಲ್ಲದರ ಬಗ್ಗೆ ಹೇಳುತ್ತೇವೆ. ಕುಡಿತದ ಬಗ್ಗೆ ಮಾತ್ರ ನಮ್ಮ ಬಾಯಿ ಏಳುವುದಿಲ್ಲ, ಯಾರಿಗೋ ಬೇಸರವಾದೀತು ಎಂದು. ಎಲ್ಲ ತಾಯಂದಿರಿಗೂ, ಎಲ್ಲ ಅಪ್ಪಂದಿರಿಗೂ, ಇವರು ಕುಡಿಯುತ್ತಾರಾ ಇಲ್ಲವಾ ಎಂದು ಊಹಿಸದೆ, ಒಂದೇ ರೀತಿ ಹೇಳಿ. ಆಗ ಯಾರಿಗೂ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ. ಜೊತೆಗೆ ಮಧ್ಯರಾತ್ರಿ ಕರೆ ಮಾಡಿ ಕೇಳಬಹುದಾದ ವಾರ್ಡಿನ ಫೋನ್ ನಂಬರನ್ನು ಮನೆಗೆ ಹೊರಡುವಾಗ ಕೊಡುವ ಚೀಟಿಯ ಮೇಲೆ ಬರೆದುಕೊಡಿ. ಆ ಫೋನ್ ಎತ್ತುವ ನರ್ಸ್, ಮಗುವಿಗೆ ಎಷ್ಟು ತಿಂಗಳು, ಎಷ್ಟು ಕುಡಿದಿರಿ, ಯಾವಾಗ ಕುಡಿದಿರಿ, ಜೊತೆಯಲ್ಲಿ ಯಾರಿದ್ದಾರೆ, ಈ ನಾಲ್ಕನ್ನು ಮೊದಲು ಕೇಳಲಿ.

ಇತಿ,
ಬಾಣಂತಿ ವಾರ್ಡಿನ ಒಬ್ಬ ನಿವೃತ್ತ ನರ್ಸ್